ಕೌನ್ಸೆಲಿಂಗ್ ಹಾಳೆಯಲ್ಲಿ ನಾನು ಸುಳ್ಳು ಟಿಕ್ ಹಾಕಿದ ಮೂರು ವಾರ

ಹೋದ ವಾರ ನನ್ನ ಹನ್ನೆರಡನೇ ಸೆಷನ್ ಮುಗಿಯಿತು. ಫೋನ್ ಮಾಡಿ ಹೆಸರು ಬರೆಸಿದ ದಿನದಿಂದ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಐದು ತಿಂಗಳು. ಕೌನ್ಸೆಲಿಂಗ್ ಅಂದರೆ ಎದುರು ಕೂತು ಮಾತಾಡುವುದು, ಒಂದಿಷ್ಟು ಅತ್ತು ಹಗುರಾಗುವುದು, ಅಷ್ಟೇ ಅಂದುಕೊಂಡು ಹೋಗಿದ್ದೆ. ಮಾತು ಅರ್ಧ ಮಾತ್ರ. ಇನ್ನರ್ಧ ಮನೆಗೆ ಬಂದ ಮೇಲೆ ಮಾಡಬೇಕಾದ ಕೆಲಸ. ಅದಕ್ಕೆ ಅವರು ಆಕ್ಷನ್ ಪ್ಲಾನ್ ಅನ್ನುತ್ತಾರೆ. ನಾನು ಎಡವಿದ್ದು, ಮುಚ್ಚಿಟ್ಟಿದ್ದು, ಸಿಕ್ಕಿಬಿದ್ದಿದ್ದು ಎಲ್ಲ ಆ ಇನ್ನರ್ಧದಲ್ಲೇ. ಈಗಷ್ಟೇ ಶುರು ಮಾಡುತ್ತಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನನ್ನ ಕಥೆ ದೊಡ್ಡದೇನಲ್ಲ. ಕೆಲಸ ಬಿಟ್ಟು ಏಳು ತಿಂಗಳಾಗಿತ್ತು. ಮೊದಲ ತಿಂಗಳು ಸುಸ್ತು ಕಳೆಯಲಿ ಅಂತ ಮಲಗಿದೆ. ಎರಡನೇ ತಿಂಗಳಿಂದ ಏಳುವುದೇ ಕಷ್ಟವಾಯಿತು. ಫೋನ್ ರಿಂಗಾದರೆ ಎದೆ ಧಸಕ್ಕೆನ್ನುತ್ತಿತ್ತು. ಮೆಸೇಜುಗಳನ್ನು ತೆರೆಯುತ್ತಿರಲಿಲ್ಲ, ತೆರೆದರೆ ಓದಿದ್ದೇನೆ ಅಂತ ಅವರಿಗೆ ಗೊತ್ತಾಗುತ್ತದಲ್ಲ! ಅಕ್ಕನ ಮನೆಯಲ್ಲೇ ಇದ್ದೆ. ಯಾರಾದರೂ ಅವಳಿಗೆ ಫೋನ್ ಮಾಡಿ ನನ್ನನ್ನು ಕೇಳಿದರೆ "ಅವಳು ಮಲಗಿದ್ದಾಳೆ" ಅನ್ನುತ್ತಿದ್ದಳು. ಮಧ್ಯಾಹ್ನ ಮೂರು ಗಂಟೆಗೂ ಅದೇ ಉತ್ತರ.

ಮೊದಲ ಅಡ್ಡಿ ಕಾಯುವುದು. ಐದು ವಾರ ಆಗುತ್ತದೆ ಅಂದರು. ಫೋನ್ ಮಾಡುವ ಧೈರ್ಯ ಕೂಡಿಸಿಕೊಳ್ಳುವುದಕ್ಕೇ ಎರಡು ವಾರ ಹಿಡಿದಿತ್ತು, ಇದನ್ನು ಕೇಳಿ ಪೂರ್ತಿ ಕುಸಿದುಹೋದೆ. ಆಗ ಅಕ್ಕ ಒಂದು ಕೆಲಸ ಮಾಡಿದಳು. ಯಾರಾದರೂ ಕೊನೆಗಳಿಗೆಯಲ್ಲಿ ಕ್ಯಾನ್ಸಲ್ ಮಾಡಿದರೆ ನಮ್ಮನ್ನು ಕರೆಯಿರಿ ಅಂತ ಹೇಳಿಟ್ಟಳು. ನಾಲ್ಕು ವಾರ ತುಂಬುವ ಮೊದಲೇ ಕರೆ ಬಂತು. ನೀವೂ ಇದನ್ನು ಕೇಳಿ, ತಾವಾಗಿಯೇ ಯಾರೂ ಹೇಳುವುದಿಲ್ಲ. ಇನ್ನೊಂದು ಮಾತು. ಬದುಕು ಸಾಕು ಅನ್ನುವ ಯೋಚನೆ ಬರುತ್ತಿದ್ದರೆ ಈ ಸರದಿಗೆಲ್ಲ ಕಾಯಬೇಡಿ. ನೇರವಾಗಿ ಡಾಕ್ಟರ ಬಳಿ ಅಥವಾ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಒಬ್ಬರೇ ಇರಬೇಡಿ.

ಕಾಯುವ ದಿನಗಳಲ್ಲಿ ರಕ್ತಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದ್ದರು. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆ ಇದ್ದರೂ ಸುಸ್ತು, ನಿರುತ್ಸಾಹ ಎಲ್ಲ ಹೀಗೇ ಇರಬಹುದು, ಅದನ್ನು ಮೊದಲು ನೋಡಿಬಿಡೋಣ ಅಂತ. ನನ್ನ ರಿಪೋರ್ಟ್ ಸರಿಯಾಗಿತ್ತು. ನಿಜ ಹೇಳಬೇಕೆಂದರೆ ಸ್ವಲ್ಪ ಬೇಜಾರೇ ಆಯಿತು. ಒಂದು ಮಾತ್ರೆಯಲ್ಲಿ ಮುಗಿಯುವ ಕಾಯಿಲೆಯಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸಿತ್ತು.

ಮೊದಲ ಸೆಷನ್ ಐವತ್ತು ನಿಮಿಷ. ಅದರಲ್ಲಿ ಕಾಲು ಭಾಗ ಕಾಗದಪತ್ರಕ್ಕೇ ಹೋಯಿತು. ಒಂದು ಒಪ್ಪಿಗೆ ಪತ್ರ. ನಾನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ, ಆದರೆ ನನ್ನ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದ್ದರೆ, ಕೋರ್ಟ್ ಕೇಳಿದರೆ, ಆ ಮಾತು ಬೇರೆ ಅಂತ ಅದರಲ್ಲಿತ್ತು. ಸುಮ್ನೆ ಸಹಿ ಹಾಕಲು ಹೋದೆ. ಕೌನ್ಸೆಲರ್ ತಡೆದು ಓದಿಸಿದರು. ಆಮೇಲೆ ಎರಡು ಪ್ರಶ್ನಾವಳಿ. ಪಿಎಚ್‌ಕ್ಯು-9 ಅನ್ನುವುದು ಖಿನ್ನತೆಗೆ. ಹಿಂದಿನ ಎರಡು ವಾರ ಹೇಗಿತ್ತು ಅಂತ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಜಿಎಡಿ-7 ಅನ್ನುವುದು ಆತಂಕಕ್ಕೆ. ಅದರಲ್ಲಿ ಏಳು ಪ್ರಶ್ನೆ, ಒಟ್ಟು 21. ನನಗೆ ಮೊದಲನೆಯದರಲ್ಲಿ 14 ಬಂತು. ಹತ್ತರಿಂದ ಹದಿನಾಲ್ಕು ಅಂದರೆ ಮಧ್ಯಮ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ ಇರುತ್ತದೆ. ಅದಕ್ಕೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಬರೆದ ತಕ್ಷಣ ಯಾರೂ ಹಿಡಿದುಕೊಂಡು ಹೋಗುವುದಿಲ್ಲ. ಕೂತು ವಿವರವಾಗಿ ಕೇಳುತ್ತಾರೆ.

ಫೀಸಿನ ವಿಷಯವನ್ನು ಮೊದಲ ದಿನವೇ ಬಾಯಿಬಿಟ್ಟು ಕೇಳಬೇಕು. ನಾನು ಸಂಕೋಚಪಟ್ಟು ಐದನೇ ಸೆಷನ್‌ವರೆಗೂ ಸುಮ್ಮನಿದ್ದೆ. ಸಂಬಳವಿಲ್ಲದವಳು ಉಳಿತಾಯದಿಂದ ತೆಗೆದು ಕೊಡುತ್ತಿದ್ದೆ. ಪ್ರತಿ ಸಲ ಬಾಗಿಲು ದಾಟುವಾಗ ನಿಮಿಷಕ್ಕೆ ಎಷ್ಟಾಯಿತು ಅಂತ ಮನಸ್ಸಲ್ಲೇ ಭಾಗಾಕಾರ. ಕೊನೆಗೆ ಕೇಳಿದಾಗ ಕೆಲಸವಿಲ್ಲದವರಿಗೆ ಕಡಿಮೆ ದರ ಇದೆ ಅಂದರು. ತರಬೇತಿಯಲ್ಲಿರುವ ಕೌನ್ಸೆಲರ್‌ಗಳು ಹಿರಿಯರ ಉಸ್ತುವಾರಿಯಲ್ಲಿ ಇನ್ನೂ ಕಡಿಮೆಗೆ ನೋಡುತ್ತಾರೆ ಅಂತಲೂ ಗೊತ್ತಾಯಿತು. ಹಿಂದಿನ ನಾಲ್ಕು ಸೆಷನ್‌ನ ದುಡ್ಡು ಹೋದದ್ದು ಹೋಯಿತು. ಸೆಷನ್ ಶುರುವಾಗಲು 24 ಗಂಟೆಗಿಂತ ಕಡಿಮೆ ಇರುವಾಗ ಕ್ಯಾನ್ಸಲ್ ಮಾಡಿದರೆ ಪೂರ್ತಿ ಫೀಸ್ ಕೊಡಬೇಕು ಅನ್ನುವ ನಿಯಮವೂ ಇತ್ತು. ಅದು ಮುಂದೆ ನನ್ನನ್ನು ಕಚ್ಚಿತು, ಹೇಳುತ್ತೇನೆ.

ಎರಡು, ಮೂರನೇ ಸೆಷನ್ ಬರೀ ನನ್ನ ಪುರಾಣ. ಹಾಡಿದ್ದೇ ಹಾಡಿದೆ. ಅವರು ಕೇಳುತ್ತಲೇ ಇದ್ದರು. ನನಗೆ ತಾಳ್ಮೆ ತಪ್ಪಿ "ಈಗ ನಾನೇನು ಮಾಡಬೇಕು, ಅದು ಹೇಳಿ ಮೇಡಂ" ಅಂದೆ.

"ನಿಮಗೇನಾಗಬೇಕು?"

"ಮೊದಲಿನ ಹಾಗೆ ಆಗಬೇಕು."

"ಮೊದಲಿನ ಹಾಗೆ ಆದ ದಿನ ನಿಮ್ಮ ಕೋಣೆಯಲ್ಲೊಂದು ಕ್ಯಾಮೆರಾ ಇಟ್ಟರೆ ಅದರಲ್ಲಿ ಏನು ಕಾಣಿಸುತ್ತೆ?"

ಇದಕ್ಕೆ ಉತ್ತರ ಹೇಳಲು ಬಹಳ ಹೊತ್ತು ಬೇಕಾಯಿತು. ಖುಷಿಯಾಗಿರುತ್ತೇನೆ ಅಂದರೆ ಕ್ಯಾಮೆರಾಗೆ ಕಾಣುವುದಿಲ್ಲ. ಎಂಟು ಗಂಟೆಗೆ ಎದ್ದಿರುತ್ತೇನೆ, ಕಾಣುತ್ತದೆ. ಫೋನ್ ಎತ್ತುತ್ತೇನೆ, ಕಾಣುತ್ತದೆ. ಹೀಗೆ ಹೊರಬಂದಿದ್ದೇ ನಾಲ್ಕನೇ ಸೆಷನ್‌ನ ಆಕ್ಷನ್ ಪ್ಲಾನ್. ಒಂದು ಹಾಳೆಯಲ್ಲಿ ಏಳು ಕೆಲಸ. ಎಂಟಕ್ಕೆ ಏಳುವುದು, ದಿನಾ ಅರ್ಧ ಗಂಟೆ ನಡೆಯುವುದು, ರಾತ್ರಿ ಫೋನನ್ನು ಕೋಣೆಯ ಹೊರಗಿಡುವುದು, ದಿನಕ್ಕೆ ಮೂರು ಮೆಸೇಜಿಗೆ ಉತ್ತರ, ಹಳೆಯ ಮ್ಯಾನೇಜರ್‌ಗೆ ಕರೆ ಮಾಡಿ ಅನುಭವ ಪತ್ರ ಕೇಳುವುದು, ರೆಸ್ಯೂಮೆ ತಿದ್ದುವುದು, ಮೂರು ಕಡೆ ಅರ್ಜಿ. ಪಕ್ಕದಲ್ಲಿ ವಾರದ ಏಳು ದಿನಕ್ಕೆ ಏಳು ಖಾನೆ. ಮಾಡಿದರೆ ಟಿಕ್. ಕೆಳಗೆ ಅವರ ಸಹಿ, ನನ್ನ ಸಹಿ.

ಮನಸ್ಸು ಸರಿಹೋಗಲಿ, ಆಮೇಲೆ ಮಾಡುತ್ತೇನೆ ಅಂತ ಕಾಯಬೇಡಿ, ಮಾಡಲು ಶುರು ಮಾಡಿದರೆ ಮನಸ್ಸು ಹಿಂದಿನಿಂದ ಬರುತ್ತೆ ಅಂದರು. ಪೀಟರ್ ಲೆವಿನ್‌ಸನ್ ಅನ್ನುವ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಈ ದಾರಿಯಲ್ಲಿ ಕೆಲಸ ಮಾಡಿದ್ದರಂತೆ. ಕೇಳಲು ಚೆನ್ನಾಗಿತ್ತು. ಮನೆಗೆ ಬಂದು ಹಾಳೆಯನ್ನು ಬೀರುವಿನ ಬಾಗಿಲಿಗೆ ಅಂಟಿಸಿದೆ. ನಾನು ಹುಟ್ಟಾ ಆರಂಭಶೂರಳು. ಮೊದಲ ದಿನ ಐದು ಟಿಕ್, ಎರಡನೇ ದಿನ ನಾಲ್ಕು, ಮೂರನೇ ದಿನ ಒಂದು. ನಾಲ್ಕನೇ ದಿನ ಬೀರುವಿನ ಬಾಗಿಲು ನೋಡದ ಹಾಗೆ ಮಗ್ಗುಲು ಬದಲಿಸಿ ಮಲಗಿದೆ.

ಸೆಷನ್‌ನ ಹಿಂದಿನ ರಾತ್ರಿ ಏನು ಮಾಡಿದೆ ಗೊತ್ತಾ? ಮೂರು ಬೇರೆ ಬೇರೆ ಪೆನ್ ತಂದುಕೊಂಡು ಖಾನೆಗಳನ್ನು ತುಂಬಿದೆ. ಎಲ್ಲ ತುಂಬಿದರೆ ಅನುಮಾನ ಬರುತ್ತದೆ ಅಂತ ಅಲ್ಲಲ್ಲಿ ಬೇಕೆಂದೇ ಖಾಲಿ ಬಿಟ್ಟೆ. ಅಷ್ಟು ಗಮನ ಕೊಟ್ಟು ಏಳು ತಿಂಗಳಲ್ಲಿ ನಾನು ಬೇರೆ ಯಾವ ಕೆಲಸವನ್ನೂ ಮಾಡಿರಲಿಲ್ಲ. ಅವರು ನೋಡಿ "ಒಳ್ಳೆಯ ವಾರ" ಅಂದರು. ನನಗೆ ಗಂಟಲು ಕಟ್ಟಿತು. ಮುಂದಿನ ವಾರವೂ ಅದೇ. ದುಡ್ಡು ಕೊಟ್ಟು, ಬಂದು, ಸುಳ್ಳು ಹೇಳಿ ಹೋಗುತ್ತಿದ್ದೆ. ಅವರು ಮೆಚ್ಚಲಿ ಅನ್ನುವ ಆಸೆ ಒಂದು ಕಡೆ. ನನ್ನಿಂದ ಇಷ್ಟೂ ಆಗುವುದಿಲ್ಲ ಅಂತ ಗೊತ್ತಾದರೆ ಕೈಬಿಟ್ಟುಬಿಡುತ್ತಾರೇನೋ ಅನ್ನುವ ಭಯ ಇನ್ನೊಂದು ಕಡೆ.

ಏಳನೇ ಸೆಷನ್‌ಗೆ ಮೊದಲು ಹೊರಗೆ ಕೂತಾಗ ಮತ್ತೆ ಪಿಎಚ್‌ಕ್ಯು-9 ಕೊಟ್ಟರು. ಅದರಲ್ಲಿ ಸುಳ್ಳು ಬರೆಯಬೇಕು ಅಂತ ನನಗೆ ಹೊಳೆಯಲೇ ಇಲ್ಲ. 17 ಬಂತು. ಮಧ್ಯಮದಿಂದ ಒಂದು ಮೆಟ್ಟಿಲು ಮೇಲಕ್ಕೆ, ಅಂದರೆ ಖಿನ್ನತೆ ಇನ್ನೂ ಜಾಸ್ತಿ. ಅವರು ಆ ಹಾಳೆಯನ್ನೂ ನನ್ನ ಟಿಕ್ ಹಾಳೆಯನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

"ಇವೆರಡೂ ಒಬ್ಬರೇ ಬರೆದ ಹಾಗೆ ಕಾಣ್ತಿಲ್ಲ ಅಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಮೊದಲು ಪೆನ್ನಿನ ವಿಷಯವನ್ನೇ ಹೇಳಿಬಿಟ್ಟೆ. ಅವರಿಗೆ ಪೆನ್ ಗೊತ್ತೇ ಇರಲಿಲ್ಲ! ಆಮೇಲೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂತ ಕಾದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ತಪ್ಪೂ ಇದೆ. ಏಳು ಕೆಲಸ ಒಂದೇ ಸಲ ಬರೆಯಲು ಬಿಡಬಾರದಿತ್ತು. ಇನ್ನು ಮೇಲೆ ಆಗದ ವಾರದ ಹಾಳೆಯನ್ನೇ ಮೊದಲು ತನ್ನಿ, ಆಗಿದ್ದು ಆಮೇಲೆ ನೋಡೋಣ" ಅಂದರು. ಎಡ್ವರ್ಡ್ ಬೋರ್ಡಿನ್ ಅನ್ನುವ ಮನಶ್ಶಾಸ್ತ್ರಜ್ಞರು 1979ರಲ್ಲಿ ಬರೆದ ಮಾತೊಂದನ್ನೂ ಹೇಳಿದರು. ಕೌನ್ಸೆಲರ್ ಮತ್ತು ಬಂದವರ ನಡುವೆ ಮೂರು ವಿಷಯ ಕೂಡಿಬರಬೇಕಂತೆ. ಇಬ್ಬರ ನಂಟು, ಗುರಿಯಲ್ಲಿ ಒಪ್ಪಿಗೆ, ಅದಕ್ಕೆ ಮಾಡುವ ಕೆಲಸದಲ್ಲಿ ಒಪ್ಪಿಗೆ. ನಾವು ಗುರಿಗೆ ಒಪ್ಪಿದ್ದೆವು. ಕೆಲಸಗಳಿಗೆ ನಾನು ಬರೀ ತಲೆಯಾಡಿಸಿದ್ದೆ.

ನಿಮ್ಮ ಹಾಳೆಯೂ ಖಾಲಿ ಇದ್ದರೆ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಬೇಡಿ, ನನ್ನ ಹಾಗೆ ತುಂಬಿಸಲೂ ಹೋಗಬೇಡಿ. ಖಾಲಿ ಹಾಳೆ ಹಿಡಿದುಕೊಂಡೇ ಹೋಗಿ. ನನಗೆ ಅತಿ ಹೆಚ್ಚು ಉಪಯೋಗವಾದ ಐವತ್ತು ನಿಮಿಷ ಅದೇ ಏಳನೇ ಸೆಷನ್. ಮೊದಲೇ ಬಾಯಿಬಿಟ್ಟಿದ್ದರೆ ಎರಡು ಸೆಷನ್‌ನ ದುಡ್ಡೂ ಉಳಿಯುತ್ತಿತ್ತು.

ಅಲ್ಲಿಂದ ಪ್ಲಾನ್ ಪೂರ್ತಿ ಬದಲಾಯಿತು. ಪ್ರತಿ ಕೆಲಸಕ್ಕೂ ಅವರು ಕೇಳಿದ್ದು ಒಂದೇ. ಮಾಡದೇ ಬಿಡುವ ಹಿಂದಿನ ಒಂದು ನಿಮಿಷದಲ್ಲಿ ಏನಾಯಿತು? ನಾನು ಎಲ್ಲಕ್ಕೂ ಸೋಮಾರಿತನ ಅನ್ನುವ ಒಂದೇ ಹೆಸರು ಕೊಟ್ಟಿದ್ದೆ. ಬಿಡಿಸಿ ನೋಡಿದರೆ ಒಂದೊಂದರ ಕಥೆ ಒಂದೊಂದು.

ಮ್ಯಾನೇಜರ್‌ಗೆ ಕರೆ ಮಾಡದಿರಲು ಕಾರಣ ಭಯ ಅಂದುಕೊಂಡಿದ್ದೆ. ಭಯ ಇತ್ತು, ಆದರೆ ಕೈ ನಿಲ್ಲುತ್ತಿದ್ದದ್ದು ಬೇರೆ ಕಡೆ. ಅವರು ಹಲೋ ಅಂದ ಮೇಲೆ ನನ್ನ ಮೊದಲ ವಾಕ್ಯ ಏನು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅಲ್ಲೇ ಕೂತು ಮೂರು ವಾಕ್ಯ ಬರೆದೆವು. "ಸರ್, ನಾನು ಇಂಥವಳು. ನನ್ನ ಅನುಭವ ಪತ್ರ ಬೇಕಿತ್ತು. ಯಾರಿಗೆ ಮೇಲ್ ಮಾಡಲಿ?" ಇಷ್ಟೇ. ಕೌನ್ಸೆಲರ್ ಮ್ಯಾನೇಜರ್ ಆಗಿ ನಟಿಸಿದರು, ನಾನು ಓದಿದೆ. ಎರಡನೇ ಸಲ ಅವರು ಸಿಡುಕಿನ ಮ್ಯಾನೇಜರ್ ಆದರು. ಮೊದಲು ನಗು ಬಂತು, ಆಮೇಲೆ ಕೈ ನಡುಗಿತು, ಮೂರನೇ ಸಲ ನಡುಕ ಕಡಿಮೆಯಾಯಿತು.

ನಡೆಯಲು ಹೋಗದಿರಲು ಕಾರಣ ಮೆಟ್ಟಿಲ ಬಳಿ ಸಿಗುವ ನೆರೆಯವರು. "ಈಗ ಏನು ಮಾಡ್ತಿದ್ದೀಯಮ್ಮಾ?" ಅಂತ ಅವರು ಕೇಳುವುದು. ಆ ಪ್ರಶ್ನೆಗೂ ಒಂದು ಉತ್ತರ ಸಿದ್ಧ ಮಾಡಿಕೊಂಡೆ. "ಸ್ವಲ್ಪ ರಜೆಯಲ್ಲಿದ್ದೀನಿ, ವಾಕಿಂಗ್ ಹೊರಟೆ." ರಾತ್ರಿ ಫೋನ್ ಹೊರಗಿಡದಿರಲು ಕಾರಣ ಇನ್ನೂ ಸಣ್ಣದು. ನನ್ನ ಅಲಾರಂ ಇದ್ದದ್ದೇ ಫೋನಿನಲ್ಲಿ. ಒಂದು ಅಲಾರಂ ಗಡಿಯಾರ ತಂದೆ, ಮುಗಿಯಿತು. ಮೂರು ವಾರ ನನ್ನನ್ನು ನಾನು ಬೈದುಕೊಂಡಿದ್ದು ಒಂದು ಗಡಿಯಾರಕ್ಕೆ!

ಆಮೇಲೆ ಆತ್ಮವಿಶ್ವಾಸಕ್ಕೆ ಅಂಕ. ಈ ವಾರ ಇದನ್ನು ಮಾಡುತ್ತೀರಿ ಅಂತ ಹತ್ತಕ್ಕೆ ಎಷ್ಟು ನಂಬಿಕೆ ಇದೆ? ಅರ್ಧ ಗಂಟೆ ನಡಿಗೆಗೆ ಐದು ಅಂದೆ. "ಮೂರಲ್ಲ, ಐದು ಯಾಕೆ?" ಅಂದರು. ವಿಚಿತ್ರ ಪ್ರಶ್ನೆ ಅನ್ನಿಸಿತು. ಉತ್ತರ ಕೊಡುತ್ತಾ ಕೊಡುತ್ತಾ ನನ್ನಿಂದ ಯಾಕೆ ಆಗಬಹುದು ಅನ್ನುವುದನ್ನು ನಾನೇ ಹೇಳತೊಡಗಿದ್ದೆ. ಏಳಕ್ಕಿಂತ ಕಡಿಮೆ ಬಂದರೆ ಕೆಲಸವನ್ನು ಸಣ್ಣದು ಮಾಡುವುದು ಅವರ ಪದ್ಧತಿ. ಅರ್ಧ ಗಂಟೆ ಹತ್ತು ನಿಮಿಷವಾಯಿತು. ಆರು. ಕೊನೆಗೆ ಚಪ್ಪಲಿ ಹಾಕಿಕೊಂಡು ಗೇಟ್‌ವರೆಗೆ ಹೋಗಿ ಬರುವುದು. ಒಂಬತ್ತು. ಅದನ್ನೇ ಬರೆದೆವು. ನಾಚಿಕೆ ಆಯಿತು ನಿಜ. ಓದಿದವಳು, ಕೆಲಸ ಮಾಡಿದವಳು, ಗೇಟ್‌ವರೆಗೆ ಹೋಗುವುದಕ್ಕೆ ಸಹಿ ಹಾಕುತ್ತಿದ್ದೇನೆ. ಆದರೆ ಆ ವಾರ ಏಳರಲ್ಲಿ ಆರು ದಿನ ಗೇಟ್ ಮುಟ್ಟಿದೆ, ನಾಲ್ಕು ದಿನ ಅಲ್ಲಿಂದ ಮುಂದಕ್ಕೂ ಹೋದೆ.

ಬರೆಯುವ ರೀತಿಯೂ ಬದಲಾಯಿತು. "ದಿನಾ ನಡೆಯುವುದು" ಅಂತ ಇದ್ದದ್ದು "ಬೆಳಗ್ಗೆ ಹಲ್ಲುಜ್ಜಿ ಬಂದ ತಕ್ಷಣ ಚಪ್ಪಲಿ ಹಾಕಿಕೊಳ್ಳುತ್ತೇನೆ" ಅಂತಾಯಿತು. ಹೀಗಾದರೆ ಹೀಗೆ ಮಾಡುತ್ತೇನೆ ಅನ್ನುವ ಈ ಧಾಟಿಯ ಬಗ್ಗೆ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ಬರೆದಿದ್ದಾರೆ. 2006ರಲ್ಲಿ ಅವರೂ ಪ್ಯಾಸ್ಕಲ್ ಶೀರನ್ ಅವರೂ 94 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಬರೀ ಮಾಡುತ್ತೇನೆ ಅಂದುಕೊಳ್ಳುವುದಕ್ಕಿಂತ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ ಅಂತ ಕಂಡಿತು. ನನ್ನ ಮಟ್ಟಿಗೆ ಇದರ ಗುಟ್ಟು ಇಷ್ಟೇ. ಯಾವಾಗ ಮಾಡಲಿ ಅನ್ನುವ ಚರ್ಚೆ ತಲೆಯೊಳಗೆ ಶುರುವಾಗುವುದೇ ಇಲ್ಲ. ಚರ್ಚೆ ಶುರುವಾದರೆ ನಾನು ಸೋಲುತ್ತೇನೆ. ಕಳ್ಳನಿಗೊಂದು ಪಿಳ್ಳೆ ನೆವ, ನನಗೆ ನೂರು.

ಒಂಬತ್ತನೇ ಸೆಷನ್‌ಗೆ ಅಕ್ಕನನ್ನು ಕರೆದುಕೊಂಡು ಹೋದೆ. ಅದಕ್ಕೆ ಬೇರೆ ಒಪ್ಪಿಗೆ ಪತ್ರ ಇದೆ. ಯಾವ ವಿಷಯ ಅವಳೆದುರು ಮಾತಾಡಬಹುದು, ಯಾವುದು ಬೇಡ ಅಂತ ಮೊದಲೇ ಕೇಳಿ ಬರೆದುಕೊಂಡರು. ಅಕ್ಕ ನನ್ನ ಫೋನ್ ಎತ್ತುತ್ತಿದ್ದಳು, ಬಿಲ್ ಕಟ್ಟುತ್ತಿದ್ದಳು, ಮೆಸೇಜಿಗೂ ಅವಳೇ ಉತ್ತರ. ಪ್ರೀತಿಯಿಂದಲೇ. ಅದೂ ಒಂದು ಅಡ್ಡಿ ಅಂತ ಅವಳೆದುರು ಹೇಳುವುದು ನನಗೆ ಮ್ಯಾನೇಜರ್ ಕರೆಗಿಂತ ಕಷ್ಟವಾಯಿತು. ಅವಳ ಮುಖ ಸಣ್ಣದಾಯಿತು. "ಹಾಗಾದ್ರೆ ನಾನು ಸುಮ್ನೆ ನೋಡ್ತಾ ಕೂತಿರ್ಬೇಕಾ?" ಅಂದಳು. ಕೌನ್ಸೆಲರ್ ಅವಳಿಗೂ ಒಂದು ಕೆಲಸ ಕೊಟ್ಟರು. ಫೋನ್ ಬಂದರೆ "ಒಂದ್ನಿಮಿಷ, ಕೊಡ್ತೀನಿ" ಅಂತ ನನ್ನ ಕೈಗೆ ಕೊಟ್ಟು ಕೋಣೆಯಿಂದ ಹೊರಗೆ ಹೋಗುವುದು. ಮೊದಲ ಸಲ ಕೊಟ್ಟು ಹೊರಗೆ ಹೋದವಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು.

ಅದೇ ವಾರ ಮ್ಯಾನೇಜರ್‌ಗೆ ಕರೆ ಮಾಡಿದೆ. ಎರಡು ನಿಮಿಷವೂ ಆಗಲಿಲ್ಲ. ಅವರು ಸಿಡುಕಲಿಲ್ಲ. ಅನುಭವ ಪತ್ರ ಮಾತ್ರ ಬರಲು ಹದಿನೆಂಟು ದಿನ, ನಾಲ್ಕು ಮೇಲ್, ಅದರಲ್ಲೂ ಒಂದು ಸಲ ನನ್ನ ಹೆಸರೇ ತಪ್ಪು. ಇಂಥ ಪತ್ರ ಬೇಕಾಗುವವರು ಕೆಲಸ ಬಿಡುವ ದಿನವೇ ಕೈಯಲ್ಲಿ ಹಿಡಿದುಕೊಂಡು ಹೊರಡಿ.

ಇನ್ನೇನು ದಡ ಸೇರಿದೆ ಅಂದುಕೊಂಡೆ. ಒಂದು ಇಂಟರ್‌ವ್ಯೂ ಆಯಿತು. ಆಗುವುದಿಲ್ಲ ಅಂತ ಎರಡು ಸಾಲಿನ ಮೇಲ್ ಬಂತು. ಮತ್ತೆ ನಾಲ್ಕು ದಿನ ಹಾಸಿಗೆ. ಐದನೇ ದಿನ ಸೆಷನ್ ಇತ್ತು, ಬೆಳಗ್ಗೆ ಮೆಸೇಜ್ ಹಾಕಿ ಕ್ಯಾನ್ಸಲ್ ಮಾಡಿದೆ. ಪೂರ್ತಿ ಫೀಸ್ ಹೋಯಿತು. ಆಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ, ಎಲ್ಲ ಹಾಳಾಯಿತು, ಇನ್ನು ಯಾವ ಮುಖ ಇಟ್ಟುಕೊಂಡು ಹೋಗಲಿ.

ಮುಂದಿನ ವಾರ ಹೋದಾಗ ಅವರು ಹೇಳಿದ್ದು, ಎಡವುವುದು ಬೇರೆ, ಬೀಳುವುದು ಬೇರೆ. ಕುಡಿತ ಬಿಡುವವರ ಜೊತೆ ಕೆಲಸ ಮಾಡಿದ ಅಲನ್ ಮಾರ್ಲಟ್ ಅವರು 1980ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಒಂದು ಸಲ ತಪ್ಪಿದ ಕೂಡಲೇ ಎಲ್ಲ ಮುಗಿಯಿತು ಅನ್ನುವ ಯೋಚನೆ ಬರುತ್ತದಲ್ಲ, ಮೊದಲ ತಪ್ಪಿಗಿಂತ ಜಾಸ್ತಿ ಕೆಡಿಸುವುದು ಅದು. ಲಂಡನ್ನಿನಲ್ಲಿ ನಡೆದ ಅಭ್ಯಾಸಗಳ ಅಧ್ಯಯನವೊಂದನ್ನೂ ಹೇಳಿದರು. 2010ರದು, ಫಿಲಿಪಾ ಲ್ಯಾಲಿ ಮತ್ತು ಜೊತೆಯವರದು. ಒಂದು ಹೊಸ ಕೆಲಸ ತಾನಾಗಿ ನಡೆಯುವ ಹಂತಕ್ಕೆ ಬರಲು ಅದರಲ್ಲಿ ಕಂಡದ್ದು ಸುಮಾರು 66 ದಿನ. ಕೆಲವರಿಗೆ 18, ಕೆಲವರಿಗೆ 254ರವರೆಗೂ. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ವ್ಯತ್ಯಾಸವೇನೂ ಆಗಿರಲಿಲ್ಲ. 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಅಂತ ಎಲ್ಲೆಲ್ಲೋ ಓದಿ, 22ನೇ ದಿನವೂ ಕಷ್ಟವಾದಾಗ ನನ್ನಲ್ಲೇ ದೋಷ ಅಂದುಕೊಂಡಿದ್ದೆ.

ಆ ದಿನ ಹಾಳೆಗೆ ಒಂದು ಸಾಲು ಹೊಸದಾಗಿ ಸೇರಿತು. "ಎರಡು ದಿನ ಸತತವಾಗಿ ಬೆಳಗ್ಗೆ ಎಂಟರ ಮೇಲೂ ಮಲಗಿದ್ದರೆ, ಅಕ್ಕನಿಗೆ ಹೇಳುತ್ತೇನೆ, ಆ ದಿನ ಗೇಟ್‌ವರೆಗೆ ಮಾತ್ರ." ಎಡವಿದ ದಿನಕ್ಕೂ ಒಂದು ಪ್ಲಾನ್. ನಾಲ್ಕನೇ ಸೆಷನ್‌ನ ಆ ಚಂದದ ಹಾಳೆಯಲ್ಲಿ ಇದೊಂದೇ ಇರಲಿಲ್ಲ.

ಹತ್ತರಿಂದ ಹನ್ನೊಂದಕ್ಕೆ ಎರಡು ವಾರದ ಅಂತರ, ಅಲ್ಲಿಂದ ಹನ್ನೆರಡಕ್ಕೆ ಒಂದು ತಿಂಗಳು. ಕೊನೆಯ ಸಲ ಪಿಎಚ್‌ಕ್ಯು-9ರಲ್ಲಿ 6 ಬಂತು. ಐದು ಅಂಕ ಇಳಿದರೂ ನಿಜವಾದ ಬದಲಾವಣೆ ಅಂತ ಲೆಕ್ಕವಂತೆ. 6 ಅಂದರೆ ಇನ್ನೂ ಸ್ವಲ್ಪ ಇದೆ ಅಂತಲೂ ಲೆಕ್ಕ. ಕೆಲಸ ಸಿಕ್ಕಿಲ್ಲ. ಎರಡು ಕಡೆ ಮಾತುಕತೆ ನಡೆಯುತ್ತಿದೆ. ನಿಮ್ಮ ಎಲ್ಲ ಹಾಳೆಗಳನ್ನೂ, ರಸೀದಿಗಳನ್ನೂ ಒಂದು ಫೈಲಿನಲ್ಲಿಟ್ಟುಕೊಳ್ಳಿ. ಮುಂದೆ ಬೇರೆಯವರ ಬಳಿ ಹೋಗಬೇಕಾಗಿ ಬಂದರೆ ಮೊದಲಿಂದ ಪುರಾಣ ಹೇಳುವುದು ತಪ್ಪುತ್ತದೆ. ಮೂರು ಪೆನ್ನಿನ ಹಾಳೆಗಳೂ ನನ್ನ ಫೈಲಿನಲ್ಲಿವೆ. ಅಕ್ಕ ಹರಿದು ಬಿಸಾಕು ಅಂದಳು, ನಾನು ಬಿಡಲಿಲ್ಲ.

ಮುಂದಿನ ಭೇಟಿ ಮೂರು ತಿಂಗಳ ಮೇಲೆ. ಈ ವಾರದ ಹಾಳೆ ಬೀರುವಿನ ಬಾಗಿಲ ಮೇಲಿದೆ. ಗುರುವಾರದ ಖಾನೆ ಖಾಲಿ. ಅದನ್ನು ಹಾಗೇ ತೆಗೆದುಕೊಂಡು ಹೋಗುತ್ತೇನೆ.